ಹಾರುವ ಟ್ಯಾಕ್ಸಿ, ಹಿತ್ತಲ ಕೋಣೆ

ಲಂಡನ್ನಿನ ಇಲ್ಫರ್ಡ್‌ನಲ್ಲಿ ನಮ್ಮ ಬೀದಿಯ ಮನೆಗಳನ್ನು ಕಟ್ಟಿಸಿದ ಪುಣ್ಯಾತ್ಮನಿಗೆ ವಯಸ್ಸಾದ ತಾಯಿ ಇರಲಿಲ್ಲವೆಂದು ಕಾಣುತ್ತದೆ. ಒಂದಕ್ಕೊಂದು ಅಂಟಿಕೊಂಡ ಸಾಲುಮನೆಗಳು. ಕೆಳಗೆ ಮುಂದಿನ ಕೋಣೆ, ಹಿಂದಿನ ಕೋಣೆ, ಅಡುಗೆಮನೆ. ಮೇಲೆ ಮಲಗುವ ಕೋಣೆಗಳು, ಜೊತೆಗೆ ಇಡೀ ಮನೆಗಿರುವ ಒಂದೇ ಟಾಯ್ಲೆಟ್. ಮನೆ ಕೊಳ್ಳುವಾಗ ಸ್ಟೇಷನ್ ಎಷ್ಟು ದೂರ, ಶಾಲೆ ಹೇಗಿದೆ ಎಂದೆಲ್ಲ ವಿಚಾರಿಸಿದೆವೇ ಹೊರತು ಇದನ್ನು ಗಮನಿಸಲಿಲ್ಲ. ಆಗ ನಮ್ಮೆಲ್ಲರ ಮೊಣಕಾಲುಗಳೂ ಗಟ್ಟಿಯಾಗಿದ್ದವು.

ನಾವು ಧಾರವಾಡದ ಕಡೆಯವರು. ಮಾವ ತೀರಿಕೊಂಡ ಮೇಲೆ, ನನ್ನ ಮಗಳು ಇನ್ನೂ ತೊಟ್ಟಿಲಲ್ಲಿರುವಾಗ ಅತ್ತೆ ಬಂದರು, ಇಲ್ಲೇ ಉಳಿದರು. ಅಂದಿನಿಂದ ಅಜ್ಜಿ ಮೊಮ್ಮಗಳಿಗೆ ಒಂದೇ ಕೋಣೆ. ಮಗಳು ಈಗ ದೊಡ್ಡ ಶಾಲೆಗೆ ಹೋಗುತ್ತಾಳೆ, ಕಾಲು ಮಂಚದಾಚೆ ಚಾಚುತ್ತವೆ, ಆದರೂ ಅತ್ತೆಗೆ ಅವಳು ಕೂಸೇ. ಅಜ್ಜಿ ಕನ್ನಡದಲ್ಲಿ ಕೇಳುತ್ತಾರೆ, ಅವಳು ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಾಳೆ. ಇಬ್ಬರಿಗೂ ಅದರಿಂದ ಏನೂ ತೊಂದರೆಯಾದಂತೆ ನಾನು ಕಂಡಿಲ್ಲ.

ಕೆಲವು ವರ್ಷಗಳಿಂದ ಅತ್ತೆಯ ಮೊಣಕಾಲು ಕೈಕೊಟ್ಟಿವೆ. ಜಿಪಿ, ಅಂದರೆ ನಮ್ಮ ಬಡಾವಣೆಯ ಡಾಕ್ಟರು, ನೋಡಿ, ಸವೆದಿದೆ, ವಯಸ್ಸಾದ ಮೇಲೆ ಹೀಗೇ ಎಂದರು. ಹಗಲೆಲ್ಲ ಅತ್ತೆ ಕೆಳಗಿರುತ್ತಾರೆ. ಟಾಯ್ಲೆಟ್ಟಿಗೆ ಹೋಗಬೇಕೆಂದರೆ ಕಟಕಟೆ ಹಿಡಿದು ಒಂದೊಂದೇ ಮೆಟ್ಟಿಲು ಹತ್ತಬೇಕು, ತಿರುವಿನಲ್ಲಿ ಕೂತು ಸುಧಾರಿಸಿಕೊಳ್ಳಬೇಕು, ಮತ್ತೆ ಹತ್ತಬೇಕು. "ಒಂದ ಊರು ದಾಟಿದಂಗ ಆಗೈತೆವಾ" ಎನ್ನುತ್ತಿದ್ದರು. ಇಲ್ಲಿನ ನಗರಸಭೆ, ಅಂದರೆ ಕೌನ್ಸಿಲ್‌ನಿಂದ ಒಬ್ಬ ಹುಡುಗಿ ಬಂದಳು. ಮೆಟ್ಟಿಲಿಗೆ ಕುರ್ಚಿ ಲಿಫ್ಟ್ ಹಾಕಬಹುದೇ ಎಂದು ಅಳತೆ ಹಿಡಿದು, ತಿರುವು ಇಕ್ಕಟ್ಟಾಯಿತು, ಆಗುವುದಿಲ್ಲ ಎಂದು ಅವಳೇ ಹೇಳಿದಳು. ಮುಂದಿನ ಕೋಣೆಯಲ್ಲಿ ಕಮೋಡ್ ಕುರ್ಚಿ ಇಟ್ಟುಕೊಳ್ಳಿ ಎಂದಾಗ ಅತ್ತೆ ಗೋಡೆಯ ಮೇಲಿನ ದೇವರ ಫೋಟೋಗಳ ಕಡೆ ನೋಡಿದರು, ನನ್ನ ಕಡೆ ನೋಡಿದರು. ನಾನು ಆ ಹುಡುಗಿಗೆ ಚಹಾ ಕೊಟ್ಟು ಕಳಿಸಿದೆ.

"ಕೆಳಗೊಂದು ಸಂಡಾಸ ಆದ್ರ ಸಾಕವಾ. ನನಗ ಮತ್ತೇನೂ ಬ್ಯಾಡ" ಎಂದರು ಅತ್ತೆ. ಈ ಮನೆಗೆ ಬಂದ ಮೇಲೆ ಅವರು ತಮಗಾಗಿ ಬಾಯಿಬಿಟ್ಟು ಕೇಳಿದ್ದು ನನಗೆ ನೆನಪಿರುವಂತೆ ಇದೊಂದೇ.

ಪಂಜಾಬಿ ಮೇಸ್ತ್ರಿಯೊಬ್ಬರನ್ನು ಕರೆಸಿದೆವು. ಅತ್ತೆಯ ಬಾಯಲ್ಲಿ ಅವರು ಗೌಂಡಿ. ಮೆಟ್ಟಿಲ ಕೆಳಗೆ, ವ್ಯಾಕ್ಯೂಮ್ ಕ್ಲೀನರನ್ನೂ ಹಳೆಯ ಸೂಟ್‌ಕೇಸುಗಳನ್ನೂ ತುರುಕಿದ ಕಪಾಟು ಇತ್ತಲ್ಲ, ಅದರೊಳಗೆ ತಲೆ ಹಾಕಿ ನೋಡಿ, ಆಗುತ್ತದೆ ಎಂದರು. ಅಂಗೈಯಗಲದ ಬೇಸಿನ್ನೂ ಕೂರುತ್ತದಂತೆ. ಅದಕ್ಕೆ ಬೇಕಾದಷ್ಟು ದುಡ್ಡು ನಮ್ಮಲ್ಲಿತ್ತು. ನಾನು ಶಾಲೆಯ ಅಡುಗೆಮನೆಯಲ್ಲಿ ದುಡಿದದ್ದು, ನನ್ನ ಗಂಡ ಉಳಿಸಿದ್ದು, ಎಲ್ಲ ಸೇರಿಸಿ ಅದಕ್ಕೆಂದೇ ತೆಗೆದಿಟ್ಟಿದ್ದೆವು. ಕೆಲಸ ಅಲ್ಲಿಗೆ ಮುಗಿಯಬೇಕಿತ್ತು.

ಆ ಶನಿವಾರ ಈಸ್ಟ್ ಹ್ಯಾಮ್‌ನಲ್ಲಿ ಕನ್ನಡದವರ ಊಟವಿತ್ತು. ಹೈ ಸ್ಟ್ರೀಟ್ ನಾರ್ತ್‌ನ ಹೋಟೆಲೊಂದರ ಮೇಲಿನ ಹಾಲಿನಲ್ಲಿ ಆಗಾಗ ಸೇರುತ್ತೇವೆ. ಅಲ್ಲಿಗೆ ಸ್ಟ್ಯಾನ್ಮೋರ್‌ನಿಂದ ಒಬ್ಬ ಡಾಕ್ಟರು ಬರುತ್ತಾರೆ, ಮೈಸೂರು ಕಡೆಯವರು, ಒಳ್ಳೆಯ ಮನುಷ್ಯ. ಸುತ್ತ ಜಾಗವಿರುವ ಒಂಟಿ ಮನೆ, ಎರಡು ಕಾರು. ಎಲ್ಲರ ಬಿಪಿಯನ್ನೂ ಪುಕ್ಕಟೆ ವಿಚಾರಿಸುತ್ತಾರೆ. ಆ ದಿನ ಮಾತ್ರ ಬಿಪಿ ಬಿಟ್ಟು ಶೇರಿನ ಬಗ್ಗೆ ಹೇಳತೊಡಗಿದರು. ಅಮೆರಿಕದಲ್ಲಿ ಒಂದು ಕಂಪನಿಯಂತೆ. ಡ್ರೈವರ್ ಇಲ್ಲದ, ಆಕಾಶದಲ್ಲಿ ಹಾರುವ ಟ್ಯಾಕ್ಸಿ ಮಾಡುತ್ತದಂತೆ.

"ಎಷ್ಟ ಲಾಭ ಮಾಡೈತ್ರೀ ಆ ಕಂಪನಿ?" ಎಂದು ಕೇಳಿದವಳು ನಾನು.

"ಲಾಭ ಇನ್ನೂ ಇಲ್ಲಮ್ಮ. ಲಾಭ ಬಂದ್ಮೇಲೆ ತಗೊಂಡ್ರೆ ಏನು ಬಂತು? ಅಷ್ಟೊತ್ತಿಗೆ ಎಲ್ರಿಗೂ ಗೊತ್ತಾಗಿರುತ್ತೆ. ನಾವು ಅದಕ್ಕೆ ಮುಂಚೇನೇ ಒಳಗಿರ್ಬೇಕು."

"ಟ್ಯಾಕ್ಸಿ ಆದ್ರೂ ಹಾರೈತೇನ್ರಿ?"

"ಟೆಸ್ಟ್‌ನಲ್ಲಿ ಹಾರಿದೆ. ಒಳಗೆ ಯಾರನ್ನೂ ಕೂರಿಸಿರ್ಲಿಲ್ಲ ಅಷ್ಟೆ."

ನಾನು ನಕ್ಕೆ. ಮೇಜಿನ ಸುತ್ತ ಇನ್ನೂ ಇಬ್ಬರು ನಕ್ಕರು. ನನ್ನ ಗಂಡ ನಗಲಿಲ್ಲ. "ಎಷ್ಟು ದಿನ ಇಟ್ಕೋಬೇಕಾಗುತ್ತೆ ಸರ್?" ಎಂದು ಕೇಳಿದರು. ಮನೆಯಲ್ಲಿ ಐತಿ, ಆಗೈತಿ ಎನ್ನುವ ಮನುಷ್ಯನ ಬಾಯಲ್ಲಿ ಹೀಗೆ ಆಗುತ್ತೆ, ಹೋಗುತ್ತೆ ಶುರುವಾದರೆ, ಇವರು ಯಾರದೋ ಮಾತಿಗೆ ಮರುಳಾದರೆಂದು ನನಗೆ ತಿಳಿಯುತ್ತದೆ. ಅಂದೂ ತಿಳಿಯಿತು. ಇವರು ಕೆಲಸ ಮಾಡುವುದು ಸಿಟಿಯ ಒಂದು ಇನ್ಶೂರೆನ್ಸ್ ಕಂಪನಿಯಲ್ಲಿ. ಊರವರ ಮನೆಗೆ ಬೆಂಕಿ ಬಿದ್ದರೆ ಏನು, ನೀರು ನುಗ್ಗಿದರೆ ಏನು ಎಂದು ದಿನವಿಡೀ ಲೆಕ್ಕ ಹಾಕುವವರು. ಇನ್ನೊಬ್ಬರ ಅಪಾಯ ಇವರಿಗೆ ಮೈಲಿ ದೂರದಿಂದ ಕಾಣುತ್ತದೆ.

ಮನೆಗೆ ಬರುವಾಗ ಬಸ್ಸಿನಲ್ಲಿ ಮಾತು ತೆಗೆದರು. "ಒಂದ ಚಳಿಗಾಲ ಹಾಕಿ ನೋಡೂನು. ಸಂಡಾಸದ ರೊಕ್ಕ ಹೆಂಗೂ ಸುಮ್ಮನ ಬಿದ್ದೈತಿ."

"ಸುಮ್ಮನ ಯಾಕ ಬಿದ್ದೈತಿ? ಗೌಂಡಿ ಬರಾಕ ನಿಂತಾನ."

"ಗೌಂಡಿ ಎಲ್ಲಿ ಹೋಗ್ತಾನ. ಅವ್ವಗ ಆ ಕಪಾಟಿನ್ಯಾಗ ಒಂದು ಗೂಡು ಮಾಡಿ ಕೊಡೂದಕ್ಕಿಂತ, ಹಿತ್ತಲದಾಗ ಛಂದನ್ನ ಒಂದು ಕೋಣಿನ ಕಟ್ಟಿಸಿದ್ರ?"

ನನಗೆ ಸಿಟ್ಟು ಬಂದಿತ್ತು, ಆದರೆ ತಾಯಿಗೊಂದು ಕೋಣೆ ಎಂದ ಮಗನಿಗೆ ಏನು ಹೇಳುವುದು? ಒಂದು ಚಳಿಗಾಲ ತಾನೇ ಎಂದು ಸುಮ್ಮನಾದೆ. ಇವರು ಮರುದಿನವೇ ಮೇಸ್ತ್ರಿಗೆ ಫೋನ್ ಮಾಡಿ, ಚಳಿ ಕಳೆದ ಮೇಲೆ ನೋಡೋಣ ಎಂದರು. ದುಡ್ಡು ಆಕಾಶಕ್ಕೆ ಹೋಯಿತು.

ನಿಜ ಹೇಳಬೇಕೆಂದರೆ ಮೊದಲು ಎಲ್ಲ ಚೆನ್ನಾಗಿಯೇ ನಡೆಯಿತು. ಶೇರು ಏರಿತು. ಯಾಕೆ ಏರಿತೆಂದು ಕೇಳಬಾರದು. ಟ್ಯಾಕ್ಸಿ ಇನ್ನೂ ನೆಲದ ಮೇಲೇ ಇತ್ತು, ಆದರೆ ಎಲ್ಲರೂ ಅದು ಹಾರುತ್ತದೆಂದು ಮಾತಾಡುತ್ತಿದ್ದರು, ಮಾತು ಹೆಚ್ಚಿದಷ್ಟೂ ಬೆಲೆ ಹೆಚ್ಚುತ್ತಿತ್ತು. ಲಂಡನ್ನಿನಲ್ಲಿ ಮಧ್ಯಾಹ್ನವಾದಾಗ ಅಮೆರಿಕದ ಮಾರ್ಕೆಟ್ ತೆರೆಯುತ್ತದೆ. ಆ ಹೊತ್ತಿಗೆ ಇವರಿಂದ ನನಗೊಂದು ಮೆಸೇಜು ಬರುತ್ತಿತ್ತು, ಮೇಲಕ್ಕೆ ಹೋಗುವ ಹಸಿರು ಗೆರೆಯ ಚಿತ್ರ. ನಾನು ಶಾಲೆಯ ಅಡುಗೆಮನೆಯಲ್ಲಿ ಟ್ರೇ ತೊಳೆಯುತ್ತ ಅದನ್ನು ನೋಡುತ್ತಿದ್ದೆ. ಸುಳ್ಳು ಯಾಕೆ, ನೋಡಿದರೆ ಖುಷಿಯಾಗುತ್ತಿತ್ತು. ಇವರು ಮನೆಗೆ ಬರುವಾಗ ಇಲ್ಫರ್ಡ್ ಲೇನ್‌ನಿಂದ ಬಿಸಿ ಜಿಲೇಬಿ ತರತೊಡಗಿದರು. ಅಳಿಯನ ಬಾಯಲ್ಲಿ ಬೈಗುಳವನ್ನೇ ಕೇಳಿದ್ದ ನಮ್ಮಪ್ಪನಿಗೆ ಫೋನ್ ಮಾಡಿ ನಗುನಗುತ್ತ ಮಾತಾಡಿದರು.

ಶೇರಿನ ಜೊತೆ ಹಿತ್ತಲ ಕೋಣೆಯೂ ಬೆಳೆಯಿತು. ನಮ್ಮ ಬೀದಿಯಲ್ಲಿ ಹಲವರು ಹಿತ್ತಲಲ್ಲಿ ಇಂಥ ಕೋಣೆ ಕಟ್ಟಿಸಿದ್ದಾರೆ. ಹುಲ್ಲಿನ ಆಚೆ, ಕಾಂಪೌಂಡಿಗೆ ತಾಗಿಕೊಂಡು, ಮನೆಯಿಂದ ಬೇರೆಯೇ. ಇವರು ಊಟಕ್ಕೆ ಕೂತಾಗಲೆಲ್ಲ ಅದರ ನಕ್ಷೆ ಬಿಡಿಸುತ್ತಿದ್ದರು. ಮೊದಲು ಒಂದು ಮಂಚ, ಒಂದು ಟಾಯ್ಲೆಟ್. ಶೇರು ಏರಿದ ವಾರ ದೊಡ್ಡ ಕಿಟಕಿ ಬಂತು. ಇನ್ನೊಂದಿಷ್ಟು ಏರಿದಾಗ ಹೀಟರು, ಕನ್ನಡ ಸೀರಿಯಲ್ಲಿಗೆ ಟಿವಿ, ಚಹಾ ಮಾಡಿಕೊಳ್ಳಲು ಪುಟ್ಟ ಕಟ್ಟೆ. ಮಗಳು ಇಂಗ್ಲಿಷಿನಲ್ಲಿ, ಅಜ್ಜಿಗೆ ಇನ್ನು ತನ್ನದೇ ಜಾಗ ಸಿಗುತ್ತದೆ ಎಂದು ಸಂತೋಷಪಟ್ಟಳು. ಅವಳಿಗೂ ಒಂದು ಕೋಣೆ ಪೂರ್ತಿ ಸಿಗುತ್ತದಲ್ಲ ಎಂದು ನಾನೂ ಮನಸ್ಸಿನಲ್ಲೇ ಅಲ್ಲಿ ಅವಳ ಓದುವ ಮೇಜನ್ನು ಇಟ್ಟು ನೋಡಿದೆ.

"ನನಗ್ಯಾಕ ಇಷ್ಟೆಲ್ಲಾ? ಬ್ಯಾಡ" ಎನ್ನುತ್ತಿದ್ದರು ಅತ್ತೆ.

"ಇರಲಿ ಬಿಡವ್ವಾ" ಎಂದು ಇವರು ಇನ್ನೊಂದು ಕಿಟಕಿ ಬರೆಯುತ್ತಿದ್ದರು.

ನಮ್ಮ ಕಡೆ ಬೇಡ ಎಂದವರ ಮಾತನ್ನು ಹಾಗೇ ನಂಬುವ ರೂಢಿಯಿಲ್ಲ. ಊಟಕ್ಕೆ ಕೂತವರು ಸಾಕು ಸಾಕು ಎಂದು ಎಲೆಗೆ ಕೈ ಅಡ್ಡ ಹಿಡಿದರೆ ಬೆರಳ ಸಂದಿಯಿಂದಲೇ ತುಪ್ಪ ಬಿಡಬೇಕು. ಸಾಕೆಂದ ಕೂಡಲೇ ಬಡಿಸುವುದನ್ನು ನಿಲ್ಲಿಸಿದರೆ, ಇವರ ಮನೆಯಲ್ಲಿ ಒತ್ತಾಯವೇ ಇಲ್ಲ ಎಂದು ಊರೆಲ್ಲ ಆಡಿಕೊಳ್ಳುತ್ತದೆ. ಹಿರಿಯರಂತೂ ಹೊಸ ಸೀರೆ ತಂದರೆ ಬೇಡ ಎನ್ನುತ್ತಾರೆ, ಡಾಕ್ಟರ ಹತ್ತಿರ ಕರೆದರೆ ಬೇಡ ಎನ್ನುತ್ತಾರೆ, ನಾವು ಮೂರು ಸಲ ಒತ್ತಾಯ ಮಾಡುತ್ತೇವೆ, ಅವರು ಒಪ್ಪುತ್ತಾರೆ. ಅತ್ತೆಯ ಬೇಡವನ್ನೂ ನಾವು ಅದೇ ಲೆಕ್ಕಕ್ಕೆ ಹಿಡಿದೆವು. ಅವರು ಬೇಡವೆಂದಷ್ಟೂ ಕೋಣೆ ದೊಡ್ಡದಾಯಿತು.

ಈ ನಡುವೆ ಅವರು ಮೆಟ್ಟಿಲು ಹತ್ತುವುದು ತಪ್ಪಲಿಲ್ಲ. "ಗೌಂಡಿ ಯಾವಾಗ ಬರ್ತಾನಪಾ?" ಎಂದು ಮಗನನ್ನು ಆಗಾಗ ಕೇಳುತ್ತಿದ್ದರು. ಬರುತ್ತಾನೆ, ಇನ್ನೂ ದೊಡ್ಡ ಕೆಲಸಕ್ಕೇ ಬರುತ್ತಾನೆ ಎಂದು ಇವರು ಹೇಳುತ್ತಿದ್ದರು.

ಆಮೇಲೆ ಆ ಶುಕ್ರವಾರ ಬಂತು. ಶುಕ್ರವಾರ ಇವರು ಮನೆಯಿಂದಲೇ ಕೆಲಸ ಮಾಡುತ್ತಾರೆ. ನಾನು ಶಾಲೆಯಿಂದ ಬಂದು ಕೋಟು ತೆಗೆಯುತ್ತಿದ್ದಂತೆ ಹಿಂದಿನ ಕೋಣೆಯಿಂದ ಫೋನ್ ಹಿಡಿದುಕೊಂಡು ಓಡಿ ಬಂದರು. ಯಾವುದೋ ದೊಡ್ಡ ಊರಿನವರು ತಮ್ಮಲ್ಲಿ ಟ್ಯಾಕ್ಸಿ ಹಾರಿಸಲು ಒಪ್ಪಿದ್ದಾರೆಂದು ಕಂಪನಿ ಹೇಳಿತ್ತಂತೆ. ಶೇರು ಒಂದೇ ನೆಗೆತಕ್ಕೆ ಎಲ್ಲಿಗೋ ಹೋಗಿತ್ತು. ಹಿತ್ತಲ ಕೋಣೆ, ಅದರ ಕಿಟಕಿ, ಹೀಟರು, ಟಿವಿ ಎಲ್ಲ ಆಗಿ ಇನ್ನೂ ಮಿಗುವಷ್ಟು.

"ಇವತ್ತ ಮಾರಿ ಬಿಡ್ತೀನಿ" ಎಂದರು. ನನ್ನ ಎದೆಯ ಭಾರ ಇಳಿಯಿತು.

ಚಳಿಗಾಲದಲ್ಲಿ ಇಲ್ಲಿ ನಾಲ್ಕಕ್ಕೆಲ್ಲ ಕತ್ತಲಾಗುತ್ತದೆ. ಅತ್ತೆ ಮಡಿಸೀರೆ ಉಟ್ಟು, ಹೊಸ್ತಿಲಿಗೆ ಅರಿಸಿನ ಕುಂಕುಮ ಹಚ್ಚಿ, ಮುಂದಿನ ಕೋಣೆಯಲ್ಲಿ ದೇವರ ಮುಂದೆ ದೀಪ ಹಚ್ಚಲು ಕಡ್ಡಿ ಗೀರಿದ್ದರು. ಮಗನ ಮಾತು ಕೇಳಿ ಅಲ್ಲಿಂದಲೇ ಕೇಳಿದರು, "ಏನ ಮಾರ್ತಿ?"

"ಆ ಶೇರವ್ವಾ. ನಿನ್ನ ಕೋಣಿ ಆತಂತ ತಿಳಿ."

"ಇವತ್ತ ಶುಕ್ರವಾರ. ದೀಪ ಹಚ್ಚೂ ಹೊತ್ತಿನ್ಯಾಗ ಲಕ್ಷ್ಮೀನ್ನ ಮನೀ ಬಿಟ್ಟು ಹೊರಗ ಕಳಿಸ್ತೀಯೇನು?"

ಧಾರವಾಡದಲ್ಲಿ ಶುಕ್ರವಾರ ಸಂಜೆ ನಮ್ಮ ಮನೆಗಳಿಂದ ಯಾರಿಗೂ ಏನೂ ಕೊಡುತ್ತಿರಲಿಲ್ಲ. ದುಡ್ಡು ಹಾಗಿರಲಿ, ಪಕ್ಕದ ಮನೆಯವರು ಹೆಪ್ಪು ಹಾಕಲು ಚೂರು ಮೊಸರು ಕೇಳಿದರೂ ನಾಳೆ ಬನ್ನಿ ಎನ್ನುವುದು. ಇಲ್ಲಿಯೂ ಅತ್ತೆ ಅದನ್ನು ಬಿಟ್ಟಿರಲಿಲ್ಲ. ಪಕ್ಕದ ಮನೆಯವಳ ಡಬ್ಬಿಯನ್ನು ನಾನು ಶುಕ್ರವಾರ ಸಂಜೆ ವಾಪಸ್ ಕೊಡುವಂತಿಲ್ಲ. ಅದು ಗೊತ್ತಿದ್ದದ್ದೇ. ಆದರೆ ಶೇರಿಗೂ ಇದು ಬರುತ್ತದೆಂದು ಯಾರಿಗೆ ಗೊತ್ತಿತ್ತು?

"ಅತ್ತೀ, ಶೇರ ಮಾರಿದ್ರ ರೊಕ್ಕ ಒಳಗ ಬರ್ತೈತ್ರಿ. ಹೊರಗ ಹೋಗಾಂಗಿಲ್ಲ" ಎಂದೆ.

"ನಮ್ಮ ಕೈಯಾಗಿಂದ ಬ್ಯಾರೇದವರ ಕೈಗೆ ಹೋಗ್ತೈತೋ ಇಲ್ಲೋ?"

"ಹೋಗೂದು ಶೇರ್ರೀ. ಬರೂದು ರೊಕ್ಕ."

"ಇಷ್ಟ ದಿನಾ ಅದ ಲಕ್ಷ್ಮಿ, ಅದ ಲಕ್ಷ್ಮಿ ಅಂತ ಜಿಲೇಬಿ ತಂದ್ರಿ. ಇವತ್ತ ಅದು ಬರೇ ಶೇರ ಆತೇನು?"

ಆ ಹೊತ್ತಿನಲ್ಲೂ ಈಕೆ ವಕೀಲೆಯಾಗಬೇಕಿತ್ತು ಅನ್ನಿಸಿ ನಗು ಬಂತು. ಗಂಡನ ಮುಖ ನೋಡಿದೆ. ಮೊಟ್ಟೆ ತಿನ್ನುವುದಕ್ಕೆ ವಾರ ನೋಡದ ಮನುಷ್ಯ, ಪೂಜೆಗೆ ಕೂತರೆ ಆಕಳಿಸುವ ಮನುಷ್ಯ, ಫೋನ್ ಹಿಡಿದುಕೊಂಡು ಬಾಗಿಲಲ್ಲಿ ನಿಂತುಬಿಟ್ಟರು. ತಾಯಿಯ ಕೈಯಲ್ಲಿ ದೀಪ. ಇವರ ಹೆಬ್ಬೆರಳು ಗಾಜಿನ ಮೇಲೆ.

"ಸೋಮವಾರ ಮಾರು. ಛಲೋ ದಿನ" ಎಂದರು ಅತ್ತೆ.

"ಎರಡ ದಿನ ತಾನ. ಇನ್ನೂ ಏರಿದ್ರೂ ಏರೀತು" ಎಂದು ಇವರು ಫೋನನ್ನು ಜೇಬಿಗೆ ಹಾಕಿಕೊಂಡರು. ಅವರನ್ನು ನಿಲ್ಲಿಸಿದ್ದು ಪೂರಾ ಲಕ್ಷ್ಮಿಯಲ್ಲ ಎಂದು ಆ ಕೊನೆಯ ಮಾತಿನಿಂದಲೇ ನನಗೆ ಗೊತ್ತಾಯಿತು. ಆಸೆಗೆ ಒಂದು ನೆಪ ಸಿಕ್ಕಿತ್ತು.

ಶನಿವಾರ, ಭಾನುವಾರ ಮಾರ್ಕೆಟ್ ಮುಚ್ಚಿರುತ್ತದೆ. ಆ ಎರಡು ದಿನಗಳಲ್ಲಿ ಸುದ್ದಿ ತಿರುಗಿತು. ಆ ಊರಿನವರು ತಾವು ಇನ್ನೂ ಏನನ್ನೂ ಒಪ್ಪಿಲ್ಲವೆಂದರು. ಕೈಯಲ್ಲಿ ದುಡ್ಡು ಮುಗಿಯುತ್ತ ಬಂದಿದೆ, ಹೊಸ ಶೇರು ಮಾರಬೇಕಾಗುತ್ತದೆ ಎಂದು ಕಂಪನಿಯೇ ಹೇಳಿತು. ಸೋಮವಾರ ಮಧ್ಯಾಹ್ನ ನಾನು ಟ್ರೇ ತೊಳೆಯುತ್ತಿದ್ದಾಗ ಇವರು ಮೆಸೇಜು ಕಳಿಸಲಿಲ್ಲ, ಫೋನೇ ಮಾಡಿದರು.

"ಅರ್ಧಕ್ಕಿಂತ ಕೆಳಗ ಹೋತು" ಎಂದರು. ಹಿಂದುಗಡೆ ಅವರ ಆಫೀಸಿನ ಲಿಫ್ಟು ಮಹಡಿಯ ನಂಬರ್ ಹೇಳುತ್ತಿತ್ತು.

"ಈಗರ ಮಾರ್ರಿ."

"ಈಗ ಮಾರಿದ್ರ ಹೋದದ್ದು ಹೋದಂಗ. ಇಟಗೊಂಡ್ರ ಮ್ಯಾಲೆ ಬರ್ತೈತಿ."

ಬರಲಿಲ್ಲ. ಒಂದೇ ಸಲ ಬಿದ್ದು ಸತ್ತಿದ್ದರೆ ಅತ್ತು ಮುಗಿಸಬಹುದಿತ್ತು. ಅದು ಒಂದು ವಾರ ಚೂರು ಏಳುವುದು, ಎರಡು ವಾರ ಇಳಿಯುವುದು, ಮತ್ತೆ ಚೂರು ಎದ್ದು ಮೂಗಿಗೆ ತುಪ್ಪ ಸವರುವುದು. ಇವರು ಸ್ಟ್ಯಾನ್ಮೋರ್‌ನ ಡಾಕ್ಟರಿಗೆ ಫೋನ್ ಮಾಡಿದರು. ಅವರೂ ಕಳೆದುಕೊಂಡಿದ್ದರು, ಆದರೆ ನೆಮ್ಮದಿಯಾಗಿದ್ದರು. ಇದು ಲಾಂಗ್ ಟರ್ಮ್, ಗಾಬರಿ ಬೀಳಬಾರದು ಎಂದರಂತೆ. ಡಾಕ್ಟರ ಮನೆಯಲ್ಲಿ ಕೆಳಗೇ ಎರಡು ಟಾಯ್ಲೆಟ್ಟಿವೆ, ಅವರು ಎಷ್ಟು ವರ್ಷ ಬೇಕಾದರೂ ಕಾಯಬಹುದು ಎಂದೆ. ಇವರು ತಲೆ ತಗ್ಗಿಸಿ ಊಟ ಮಾಡಿದರು. ಜಿಲೇಬಿ ನಿಂತಿತು, ನಕ್ಷೆ ನಿಂತಿತು. ಮೇಸ್ತ್ರಿ ಒಮ್ಮೆ ಫೋನ್ ಮಾಡಿದಾಗ ಇವರು ಎತ್ತಲೇ ಇಲ್ಲ.

ಅತ್ತೆಯೂ ಗೌಂಡಿಯ ಸುದ್ದಿ ತೆಗೆಯುವುದನ್ನು ಬಿಟ್ಟರು. ಮೊದಲು ನನಗೆ ಅದು ಹೊಳೆಯಲಿಲ್ಲ. ಆಮೇಲೆ ಮಧ್ಯಾಹ್ನದ ಚಹಾ ಬಿಟ್ಟರು. ಯಾಕೆ ಎಂದು ಕೇಳಿದರೆ ಹೊಟ್ಟೆ ಭಾರ ಎಂದರು. ಊಟದ ಜೊತೆ ನೀರಿಟ್ಟರೆ ಲೋಟ ತುಂಬಿದ್ದು ತುಂಬಿದ ಹಾಗೇ ಇರುತ್ತಿತ್ತು. ಕೆಲವು ವಾರ ಕಳೆದ ಮೇಲೆ ಮೂತ್ರದಲ್ಲಿ ಉರಿ, ಜ್ವರ ಬಂತು. ಜಿಪಿಯ ಕ್ಲಿನಿಕ್ಕಿನಲ್ಲಿ ನರ್ಸು ಮಾತ್ರೆ ಕೊಟ್ಟು, ಇವರು ನೀರು ಕುಡಿಯುವುದೇ ಇಲ್ಲವೇ ಎಂದು ನನ್ನನ್ನು ಕೇಳಿದಳು. ಅತ್ತೆಗೆ ಅಷ್ಟು ಇಂಗ್ಲಿಷ್ ಅರ್ಥವಾಗುತ್ತದೆ. ಅವರು ಕಿಟಕಿಯ ಕಡೆ ಮುಖ ತಿರುಗಿಸಿದರು. ನೀರು ಕುಡಿದರೆ ಮೆಟ್ಟಿಲು ಹತ್ತಬೇಕು, ಅದಕ್ಕೇ ಕುಡಿಯುತ್ತಿಲ್ಲ ಎಂದು ನನಗೆ ಅಲ್ಲಿ, ಆ ಕುರ್ಚಿಯಲ್ಲಿ ಕೂತಾಗ ತಿಳಿಯಿತು.

ಮನೆಗೆ ಬಂದು, ನಾನು ಕಣ್ಣಲ್ಲಿ ಕಣ್ಣಿಟ್ಟು ನೀರು ಕುಡಿಸಿದೆ. ಕುಡಿಸಿದ್ದಕ್ಕೆ ಆದದ್ದೋ ಏನೋ, ಅದೇ ವಾರ ಒಂದು ಮಧ್ಯಾಹ್ನ ಅವರು ಮೆಟ್ಟಿಲು ಹತ್ತಲು ಹೋದವರು ತಿರುವಿನಲ್ಲಿ ನಿಂತರು. ನಾನು ಅಡುಗೆಮನೆಯಿಂದ ಹೊರಗೆ ಬಂದೆ. ಅವರು ಕಟಕಟೆ ಹಿಡಿದು ನಿಧಾನಕ್ಕೆ ಕೂತರು. ಸೀರೆ ಒದ್ದೆಯಾಗಿತ್ತು, ಕೆಳಗಿನ ಎರಡು ಮೆಟ್ಟಿಲಿನ ಕಾರ್ಪೆಟ್ಟೂ ಒದ್ದೆಯಾಗಿತ್ತು.

"ತಡೀಲಿಲ್ಲವಾ" ಎಂದರು. ಸೆರಗಿನಿಂದ ಕಾರ್ಪೆಟ್ ಒರೆಸಲು ನೋಡಿದರು. ನಾನು ಕೈ ಹಿಡಿದುಕೊಂಡೆ.

"ಬಿಡ್ರಿ ಅತ್ತೀ. ನಾ ಮಾಡ್ತೀನಿ."

"ಅವಗ ಹೇಳಬ್ಯಾಡ. ಕೂಸಿಗೂ ಹೇಳಬ್ಯಾಡ."

ಹೇಳುವುದಿಲ್ಲ ಎಂದೆ. ಬಿಸಿನೀರು ಹಾಕಿ, ಬೇರೆ ಸೀರೆ ಉಡಿಸಿ, ಕಾರ್ಪೆಟ್ಟನ್ನು ಸಾಬೂನು ಹಾಕಿ ತಿಕ್ಕಿದೆ. ತಿಕ್ಕುತ್ತಿದ್ದಂತೆ ನನ್ನ ಸಿಟ್ಟು ನೆತ್ತಿಗೇರಿತು. ಡಾಕ್ಟರ ಮೇಲೆ, ಟ್ಯಾಕ್ಸಿಯ ಮೇಲೆ, ಗಂಡನ ಮೇಲೆ, ಶುಕ್ರವಾರದ ಮೇಲೆ, ಒಬ್ಬರನ್ನೂ ಬಿಡದೆ ಎಲ್ಲರ ಮೇಲೆ.

ಇವರು ಕೆಲಸದಿಂದ ಬಂದು ಬೂಟು ಬಿಚ್ಚುತ್ತಿದ್ದಾಗ ಅಡುಗೆಮನೆಗೆ ಕರೆದು ಬಾಗಿಲು ಹಾಕಿ ಎಲ್ಲ ಹೇಳಿದೆ. ಅತ್ತೆಗೆ ಕೊಟ್ಟ ಮಾತು ಮುರಿದೆ, ಅದಕ್ಕೆ ನನಗೆ ಇಂದಿಗೂ ಪಶ್ಚಾತ್ತಾಪವಿಲ್ಲ. "ನಿಮ್ಮ ಶೇರ ಮ್ಯಾಲೆ ಬರೂ ತನಕ ನಿಮ್ಮವ್ವ ಮ್ಯಾಲೆ ಹತ್ತಬೇಕೇನ್ರಿ?" ಎಂದು ಕೇಳಿದೆ. ಇವರು ಹೊರಗೆ ಹೋಗಿ, ಇನ್ನೂ ಹಸಿಯಿದ್ದ ಮೆಟ್ಟಿಲನ್ನು ಕೈಯಿಂದ ಮುಟ್ಟಿ ನೋಡಿದರು. ಅಮೆರಿಕದಲ್ಲಿ ಮಾರ್ಕೆಟ್ ಇನ್ನೂ ತೆರೆದಿತ್ತು. ಆ ಮೆಟ್ಟಿಲ ಮೇಲೇ ಕೂತು, ಇದ್ದಷ್ಟೂ ಶೇರನ್ನು ಮಾರಿದರು.

ಉಳಿದದ್ದು ಮೆಟ್ಟಿಲ ಕೆಳಗಿನ ಟಾಯ್ಲೆಟ್ಟಿಗೂ ಸ್ವಲ್ಪ ಕಡಿಮೆ ಬಿತ್ತು. ಬೇಸಿಗೆಯಲ್ಲಿ ಊರಿಗೆ ಹೋಗುವುದನ್ನು ಬಿಟ್ಟೆವು, ಅದರಿಂದ ಸರಿಹೋಯಿತು. ಇವರು ಮೇಸ್ತ್ರಿಗೆ ತಾವೇ ಫೋನ್ ಮಾಡಿ ತಪ್ಪಾಯಿತೆಂದು ಕೇಳಿಕೊಂಡರು. ಮೇಸ್ತ್ರಿ ಬೈದುಕೊಂಡೇ ಬಂದರು. ಸೂಟ್‌ಕೇಸುಗಳು ಮಹಡಿಗೆ ಹೋದವು, ಗೋಡೆ ಒಡೆದು ಪೈಪು ಎಳೆದರು, ವಾರವಿಡೀ ಮನೆ ತುಂಬ ಧೂಳು. ಕೆಲಸ ಮುಗಿದಾಗ ನೋಡಿದರೆ ನಿಜಕ್ಕೂ ಗೂಡೇ. ಎದ್ದು ನಿಂತರೆ ನನ್ನ ಗಂಡನ ತಲೆ ಮೆಟ್ಟಿಲ ತಳಕ್ಕೆ ಬಡಿಯುತ್ತದೆ. ಅತ್ತೆ ಗಿಡ್ಡ ಇದ್ದಾರೆ, ಅವರಿಗೆ ಸರಿಯಾಗಿದೆ. ಹಿಡಿದು ಏಳಲು ಗೋಡೆಗೆ ಒಂದು ಕಂಬಿಯನ್ನು ಮೇಸ್ತ್ರಿಯೇ ತಮ್ಮ ಲೆಕ್ಕದಲ್ಲಿ ಹಾಕಿಕೊಟ್ಟರು.

ಮೊದಲ ದಿನ ಅತ್ತೆ ಒಳಗೆ ಹೋಗಿ ಬಂದು, ಕೈ ಒರೆಸಿಕೊಳ್ಳುತ್ತ ಅಡುಗೆಮನೆಯ ಕುರ್ಚಿಯಲ್ಲಿ ಕೂತರು. "ಚಾ ಮಾಡವಾ, ತುಂಬ ಕಪ್ಪು" ಎಂದರು. ನಾನು ಹಾಲಿಟ್ಟೆ. ಅಂದು ಭಾನುವಾರ, ಮಗಳು ಗೆಳತಿಯ ಮನೆಗೆ ಹೋಗಿದ್ದಳು, ಇವರು ತಾಯಿಯ ಎದುರು ಬಂದು ಕೂತರು. ಬಹಳ ದಿನದಿಂದ ಹೇಳಬೇಕೆಂದುಕೊಂಡದ್ದನ್ನು ಹೇಳುವವರ ಹಾಗೆ ಮೇಜಿನ ಮೇಲೆ ಬೆರಳು ಆಡಿಸಿದರು.

"ನಿನಗ ಹಿತ್ತಲ ಕೋಣಿ ಕಟ್ಟಿಸಿ ಕೊಡಾಕ ಆಗಲಿಲ್ಲವ್ವಾ."

"ಆಗಲಿಲ್ಲಲ್ಲಾ, ಛಲೋನ ಆತು."

"ಹಂಗ ಅನಬ್ಯಾಡ. ಮುಂದ ಕೈಯಾಗ ರೊಕ್ಕ ಬಂದಾಗ ಮಾಡಸೂನು."

ನಾನು ಸೋಸಿ ಕೊಟ್ಟ ಚಹಾದ ಕಪ್ಪನ್ನು ಅತ್ತೆ ಕೆಳಗಿಟ್ಟರು. "ನೋಡಪಾ, ಮತ್ತ ಸುರು ಮಾಡಬ್ಯಾಡ. ಹುಟ್ಟಿದಾಗಿಂದ ನಾ ಒಂದ ಕೋಣ್ಯಾಗ ಒಬ್ಬಾಕಿನ ಮಲಗಿದಾಕಿ ಅಲ್ಲ. ಮದಲ ನಮ್ಮ ಅಕ್ಕತಂಗೇರ ಜೋಡಿ. ಆಮ್ಯಾಲ ನಿಮ್ಮಪ್ಪ, ನೀವು ಹುಡುಗ್ರು. ಈಗ ಕೂಸು. ಆಕಿ ಉಸುರು ಕೇಳಿದ್ರ ನನಗ ನಿದ್ದಿ. ನೀ ನನ್ನ ಒಯ್ದು ಆ ಹುಲ್ಲಿನ ಆಚೀಕ, ಕತ್ತಲದಾಗ ಒಬ್ಬಾಕಿನ್ನ ಹಾಕಾಂವ ಇದ್ದಿ. ಕಿಟಕಿ ಬರಿಯೂದೇನು, ಟಿವಿ ಬರಿಯೂದೇನು. ನನಗ ಅಂಜಿಕಿ ಬಂತು."

ನನ್ನ ಕೈಯಲ್ಲಿ ಸೋಸುವ ಜಾಲರಿ ಹಾಗೇ ಇತ್ತು. ನಾನು ಅವರ ಮುಖ ನೋಡಿದೆ.

"ಅವತ್ತ ಶುಕ್ರವಾರ ಅಂದದ್ದು ಅದಕ್ಕ" ಎಂದರು ಅತ್ತೆ. "ಲಕ್ಷ್ಮಿ ಹೆಸರು ಹೇಳಿದ್ರ ನೀ ನಿಂದರ್ತಿ ಅಂತ ಗೊತ್ತಿತ್ತು. ನಾಕ ದಿನ ತಡ ಆದ್ರ ಮನಸ ಬದಲಿ ಮಾಡ್ತಿ ಅನಕೊಂಡೆ. ರೊಕ್ಕಾನ ಹೋಗ್ತೈತಿ ಅಂತ ನನಗೇನ ಗೊತ್ತು? ನಿಮ್ಮಿಬ್ಬರದೂ ದುಡದದ್ದು ನನ್ನಿಂದ ಹೋತು. ಅವತ್ತಿಂದ ಗೌಂಡಿ ಹೆಸರ ಎತ್ತಾಕ ನನಗ ಬಾಯಿ ಇರಲಿಲ್ಲ."

"ನಿನ್ನಿಂದ ಹೋಗಲಿಲ್ಲವ್ವಾ. ನನ್ನಿಂದ ಹೋತು" ಎಂದರು ಇವರು. ಆಮೇಲೆ, "ಖರೇನ ಬ್ಯಾಡ ಇತ್ತಂದ್ರ ಬ್ಯಾಡ ಅಂತ ಹೇಳಬೇಕಿತ್ತಲ್ಲ" ಎಂದರು.

"ಹೇಳಿದ್ನಲ್ಲೋ." ಅತ್ತೆಯ ದನಿಯಲ್ಲಿ ಸಿಟ್ಟೇನೂ ಇರಲಿಲ್ಲ. "ದಿನಾ ಹೇಳಿದೆ."

ನನಗೆ ಅಳು ಬಂತು, ಅದನ್ನು ಅವರಿಗೆ ತೋರಿಸದಿರಲು ಒಲೆಯ ಕಡೆ ತಿರುಗಿದೆ. ನನ್ನ ಗಂಡ, "ಹಂಗಾರ ನಿನಗೇನ ಬೇಕವ್ವಾ?" ಎಂದು ಕೇಳಿದರು. ಕೇಳಿ, ಈ ಸಲ ಸುಮ್ಮನೆ ಕಾದರು.

"ನನ್ನ ಮಂಚ ಕೂಸಿನ ಕಡೆ ಒಂದೀಟು ಸರಸು" ಎಂದರು ಅತ್ತೆ. "ಕಿವಿ ಮಂದ ಆಗಾಕತ್ತಾವ."

ಇವರು ಎದ್ದು ಮೆಟ್ಟಿಲು ಹತ್ತಿದರು. ಸ್ವಲ್ಪ ಹೊತ್ತಿಗೆ ಮೇಲೆ ಮಂಚ ಎಳೆಯುವ ಸದ್ದು ಕೇಳಿತು.